ದ್ವೀಪವನ್ನು ಸುತ್ತಿದ್ದು

ಹೊಳೆಯೆಂದರೆ ಪೆರೇಸಂದ್ರದವರಾದ ನಮಗೆ ಭೂಗೋಳದ ಪುಸ್ತಕದೊಳಗಿನ ಮಾತು. ನಂದಿಬೆಟ್ಟದ ಆಸುಪಾಸಿನಲ್ಲಿ ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಚಿತ್ರಾವತಿ, ಪಾಪಾಗ್ನಿಗಳು ಹುಟ್ಟುತ್ತವೆಂದು ಪರೀಕ್ಷೆಯಲ್ಲಿ ಬರೆದು ಅಂಕ ಪಡೆದವರು ನಾವು. ಅವು ವರ್ಷವಿಡೀ ಹರಿದುದನ್ನು ಕಂಡವರಲ್ಲ. ನಮ್ಮ ತಾತ ಹೊಲದಲ್ಲಿ ಮೂರು ಸಲ ಕೊಳವೆಬಾವಿ ಕೊರೆಸಿದರು. ಮೂರರಲ್ಲಿಯೂ ಬಂದದ್ದು ಧೂಳು. "ಸತ್ತಮೇಲಾದ್ರೂ ನನ್ನ ಹರಿಯೋ ನೀರಿಗೆ ಬಿಡ್ರಪ್ಪ" ಎಂದು ನಗುತ್ತ ಹೇಳುತ್ತಿದ್ದರು.

ಆ ಮಾತನ್ನು ನಡೆಸುವುದಕ್ಕಾಗಿ ಕಳೆದ ಕಾರ್ತಿಕದಲ್ಲಿ ಅಪ್ಪ, ಅಜ್ಜಿ, ನಾನು ಮೂವರೂ ಶ್ರೀರಂಗಪಟ್ಟಣಕ್ಕೆ ಹೊರಟೆವು. ಟಿಪ್ಪು ಹುಟ್ಟಿದ ದೇವನಹಳ್ಳಿಯನ್ನು ಬಸ್ಸಿನಲ್ಲಿ ದಾಟಿ, ಬೆಂಗಳೂರಿನಲ್ಲಿ ರೈಲು ಹತ್ತಿ, ಅವನು ಮಡಿದ ಊರಿನಲ್ಲಿ ಇಳಿದೆವು. ಇಳಿಯುವ ಮುನ್ನವೇ ರೈಲು ಕಾವೇರಿಯ ಉತ್ತರದ ಕವಲನ್ನು ದಾಟುತ್ತದೆ. ಅಸ್ಥಿಯ ಗಂಟನ್ನು ಮಡಿಲಲ್ಲಿಟ್ಟುಕೊಂಡಿದ್ದ ಅಜ್ಜಿ ಕಿಟಕಿಯಿಂದ ಮುಖ ತೆಗೆಯಲಿಲ್ಲ.

ಪಶ್ಚಿಮವಾಹಿನಿಗೆ ಆಟೋದಲ್ಲಿ ಹೋದೆವು. ಅಲ್ಲಿ ಹೊಳೆ ಸ್ವಲ್ಪ ದೂರ ಪಶ್ಚಿಮಕ್ಕೆ ತಿರುಗಿ ಹರಿಯುವುದರಿಂದ ಆ ಹೆಸರು. 1948ರಲ್ಲಿ ಗಾಂಧೀಜಿಯವರ ಚಿತಾಭಸ್ಮದ ಒಂದು ಪಾಲನ್ನು ಬಿಟ್ಟದ್ದೂ ಇಲ್ಲಿಯೇ. ಕರ್ಮಗಳು ಬೇಗನೆ ಮುಗಿದವು; ಪುರೋಹಿತರಿಗೆ ಇನ್ನೂ ಮೂರು ಮನೆಯವರು ಕಾದಿದ್ದರು.

ಅಪ್ಪ ಊರಿಗೆ ಹೊರಡುವ ಆತುರದಲ್ಲಿದ್ದರು. ಅಜ್ಜಿ ಮಾತ್ರ, "ಸುತ್ತಲೂ ನೀರಂತಲ್ಲೋ, ನೋಡ್ಕೊಂಡೇ ಹೋಗಾಣ" ಎಂದು ಹಠ ಹಿಡಿದರು. ದ್ವೀಪ ದೊಡ್ಡದೇನಲ್ಲ, ಪೂರ್ವ ಪಶ್ಚಿಮವಾಗಿ ಸುಮಾರು 5 ಕಿಲೋಮೀಟರ್. ಕಾಲು ಗಟ್ಟಿಯಿದ್ದವರು ನಡೆದೇ ನೋಡಬಹುದು, ನಡೆದರೆ ಚೆನ್ನ. ಅಜ್ಜಿಯ ಮಂಡಿಯನ್ನು ನೆನೆದು ಜಟಕಾ ಹಿಡಿದೆವು. ಆಟೋಗಳ ನಡುವೆ ಜಟಕಾಗಳೀಗ ವಿರಳ. ಗಾಡಿಯವನು, "ಹಿಂದಕ್ಕೆ ವಾಲ್ಕೊಂಡು ಕೂತ್ಕಳವ್ವಾ, ಕುದ್ರೆಗೆ ಭಾರ ಆಯ್ತದೆ" ಎಂದ. ಭಾರವಿದ್ದದ್ದು ನನ್ನದು, ಹೇಳಿಸಿಕೊಂಡದ್ದು ಅಜ್ಜಿ.

ಕೋಟೆಯ ವಾಯವ್ಯ ಮೂಲೆಯಲ್ಲಿ ಇಳಿದೆವು. 1799ರ ಮೇ 4ರ ಮಧ್ಯಾಹ್ನ ಇಂಗ್ಲಿಷರ ಸೈನ್ಯ ಹೊಳೆಯನ್ನು ಹಾಯ್ದು, ಫಿರಂಗಿಗಳು ಒಡೆದಿದ್ದ ಕಂಡಿಯಿಂದ ಒಳನುಗ್ಗಿದ್ದು ಈ ಕಡೆಯಲ್ಲಿ. ಆಗ ಬೇಸಗೆ, ಹೊಳೆಯಲ್ಲಿ ನೀರು ಕಡಿಮೆ. ಮುಂಗಾರು ಬಂದು ಕಾವೇರಿ ತುಂಬಿದ್ದರೆ ಮುತ್ತಿಗೆ ಹಾಕಿದವರೇ ಕಷ್ಟಕ್ಕೆ ಸಿಕ್ಕುತ್ತಿದ್ದರು. ಟಿಪ್ಪು ಆ ಮಳೆಯನ್ನೇ ನೆಚ್ಚಿದ್ದನೆನ್ನುತ್ತಾರೆ. ನಾನು ಇದನ್ನೆಲ್ಲ ತರಗತಿಯ ಧಾಟಿಯಲ್ಲಿ ವಿವರಿಸಿದೆ. ಅಜ್ಜಿ ಕೇಳಿ, "ಮಳೆ ನಂಬ್ಕೊಂಡ್ನಾ? ಹಂಗಾದ್ರೆ ನಮ್ಮವನೇ ಬಿಡು" ಎಂದರು. ಅಪ್ಪ ಮುಖ ತಿರುಗಿಸಿಕೊಂಡರು. ಮೂರನೆಯ ಬಾವಿಯ ಸಾಲ ತೀರಿಸುತ್ತಿರುವವರು ಅವರು.

ದರಿಯಾ ದೌಲತ್ತಿನಲ್ಲಿ ನಾನು 1780ರ ಪೊಲ್ಲಿಲೂರು ಯುದ್ಧದ ಗೋಡೆಚಿತ್ರಕ್ಕೆ ಮರುಳಾದೆ. ಪಲ್ಲಕ್ಕಿಯಲ್ಲಿ ಕುಳಿತು ಸೋಲುತ್ತಿರುವ ಕರ್ನಲ್ ಬೈಲಿಯನ್ನು ಬರೆದವನ ಕೈಯಲ್ಲಿ ಕುಚೋದ್ಯವಿದೆ. ಅಜ್ಜಿಗೆ ಅರಮನೆಗಿಂತ ತೋಟದ ಹಸಿರು ಹೆಚ್ಚಾಗಿ ಹಿಡಿಸಿತು. ಗಂಜಾಮನ್ನು ಹಾದು ಹೈದರ್, ಟಿಪ್ಪು ಮಲಗಿರುವ ಗುಂಬಜಿನಲ್ಲಿ ಕೈಮುಗಿದರು; ಯಾರ ಸಮಾಧಿಯಾದರೂ ಅವರಿಗೆ ಕೈ ತಾನಾಗಿ ಮೇಲೇಳುತ್ತದೆ.

ದಾರಿ ಮುಗಿಯುವುದು ಸಂಗಮದಲ್ಲಿ. ಅಲ್ಲಿ ಎರಡು ಕವಲುಗಳೂ ಮತ್ತೆ ಒಂದಾಗುತ್ತವೆ. ಅಜ್ಜಿ ಮೆಟ್ಟಿಲಿನ ಮೇಲೆ ಕುಳಿತು ಕಾಲನ್ನು ನೀರಿಗಿಳಿಸಿದರು.

"ಬೆಳಿಗ್ಗೆ ಬಿಟ್ವಲ್ಲ, ಆ ನೀರು ಇಲ್ಲಿಗೆ ಬಂದಿರ್ತದೇನೋ?"

ಪಶ್ಚಿಮವಾಹಿನಿಯ ನೀರು ಬಳಸಿಕೊಂಡು ಇಲ್ಲಿಗೇ ಬರಬೇಕೆಂದೆ. ಅಜ್ಜಿ ಮಾತಾಡದೆ ನೀರನ್ನೇ ನೋಡುತ್ತ ಕುಳಿತರು. ರೈಲಿಗೆ ಹೊತ್ತಾಯಿತೆಂದು ಅಪ್ಪ ಎರಡು ಸಲ ಕರೆದರು. ಮೂರನೆಯ ಸಲ ಕರೆಯಲು ಹೋದವರು, ಪ್ಯಾಂಟನ್ನು ಮಡಚಿ ಅಜ್ಜಿಯ ಪಕ್ಕದಲ್ಲಿ ತಾವೂ ಕಾಲಿಳಿಬಿಟ್ಟರು. ಗಾಡಿಯವನು ಕುದುರೆಗೆ ಹುಲ್ಲು ಹಾಕಿದ.