ಓಡಿದಷ್ಟೂ ಒಳ್ಳೆಯದೇ?

ಕಬಡ್ಡಿ ಆಡುವ ಮಗನನ್ನು ದಿನವೂ ಬೆಳಗಿನ 5 ಗಂಟೆಗೇ ಎಬ್ಬಿಸಿ ಐದಾರು ಕಿಲೋಮೀಟರ್ ಓಡಿಸುವ ತಂದೆಯರಿದ್ದಾರೆ. ದಮ್ಮು ಬೆಳೆಯಲಿ ಎಂಬ ಆಸೆ. ಸಂಜೆ ಅದೇ ಹುಡುಗ ರೈಡಿಗೆ ಹೋದರೆ ಮೊದಲಿನ ಚುರುಕಿಲ್ಲ. ಸೋಮಾರಿ ಎಂಬ ಬೈಗುಳ ಬೇರೆ. ಪಾಪ, ತಪ್ಪು ಅವನದಲ್ಲ!

ಅಮೆರಿಕದ ರಾಬರ್ಟ್ ಹಿಕ್ಸನ್ ಭಾರ ಎತ್ತುವ ಗಟ್ಟಿ ಆಸಾಮಿ. ವಿಜ್ಞಾನಿ ಜಾನ್ ಹೊಲೊಸಿಯವರ ಪ್ರಯೋಗಾಲಯ ಸೇರಿದ ಮೇಲೆ ಗುರುಗಳ ಜತೆ ದೂರ ಓಡತೊಡಗಿದರು. ಭಾರ ಎತ್ತುವುದನ್ನು ಬಿಡಲಿಲ್ಲ, ಆದರೂ ಮಾಂಸಖಂಡ ಕರಗುತ್ತ ಬಂತು. ಅದು ಅವರನ್ನು ಕಾಡಿತು. ಮುಂದೆ ತಾವೇ ಪ್ರಯೋಗ ನಡೆಸಿ 1980ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಂದು ಗುಂಪಿಗೆ ವಾರಕ್ಕೆ 5 ದಿನ ಭಾರ, ಇನ್ನೊಂದಕ್ಕೆ 6 ದಿನ ಓಟ ಮತ್ತು ಸೈಕಲ್, ಮೂರನೆಯದಕ್ಕೆ ಎರಡೂ. ಹೀಗೆ 10 ವಾರ. ಎರಡನ್ನೂ ಮಾಡಿದವರ ಕಾಲಿನ ಬಲ ಏಳೆಂಟು ವಾರ ಏರಿತು, ಆಮೇಲೆ ನಿಂತಿತು, ಕೊನೆಗೆ ಇಳಿದೇ ಬಿಟ್ಟಿತು. ದಮ್ಮು ಮಾತ್ರ ಭಾರ ಎತ್ತಿದ್ದರಿಂದ ಕುಂದಲಿಲ್ಲ.

ಹಾಗೆಂದು ಓಟ ಬಿಡುವಂತಿಲ್ಲ. ಕಬಡ್ಡಿಯಲ್ಲಿ ರೈಡು 30 ಸೆಕೆಂಡಿನದಾದರೂ ದೊಡ್ಡವರ ಪಂದ್ಯ 40 ನಿಮಿಷದ್ದು. ನೆಗೆತಕ್ಕೆ ಬೇಕಾದ ಶಕ್ತಿ ಸ್ನಾಯುವಿನಲ್ಲಿ ಮೊದಲೇ ಕೂಡಿಟ್ಟದ್ದು, ಕೆಲವೇ ಸೆಕೆಂಡಿಗೆ ಖಾಲಿ. ಮುಂದಿನ ರೈಡಿನೊಳಗೆ ಅದು ಮತ್ತೆ ತುಂಬಬೇಕಾದರೆ ಉಸಿರಿನ ಆಮ್ಲಜನಕ ಬೇಕು. ಶಾಲಾ ಹುಡುಗನಿಗೆ ವಾರಕ್ಕೆರಡು ಸಲ ಹದವಾದ ಓಟ ಸಾಕು. ಅದೂ ನೆಗೆತ, ವೇಗದ ಅಭ್ಯಾಸವಿಲ್ಲದ ದಿನ. ಎರಡೂ ಒಂದೇ ದಿನ ಬಂದರೆ ಮೊದಲು ವೇಗ, ಆಮೇಲೆ ದೂರ. ಉಳಿದ ದಿನ ಅವನು 6 ಗಂಟೆಯ ತನಕ ಮಲಗಲಿ.