ಎರಡು ಕೈಗಳ ಕೆಲಸ

ನಾನು ಕಲಾ ಇತಿಹಾಸ ಓದಲು ಲಂಡನ್ನಿಗೆ ಹೊರಟಾಗ ಹಳ್ಳಿಮೈಸೂರಿನ ನಮ್ಮ ಮನೆಯಲ್ಲಿ ಯಾರಿಗೂ ಸಮಾಧಾನವಿರಲಿಲ್ಲ. ಅಪ್ಪ ಬ್ಯಾಂಕಿನಲ್ಲಿ ಸಾಲ ಮಾಡಿದ್ದರು. ಅದಕ್ಕೆ ತಾತ ಹೊಲದ ಪತ್ರ ಕೊಟ್ಟಿದ್ದರು. ಕೊಟ್ಟ ಮೇಲೆ ಒಂದೇ ಮಾತು ಕೇಳಿದರು: "ಕಲ್ಲಿನ ಬೊಂಬೆ ನೋಡಕ್ಕೆ ಅಷ್ಟು ದೂರ ಯಾಕವ್ವ? ನಮ್ಮ ಜಿಲ್ಲೇಲೇ ಬೇಕಾದಷ್ಟಿದಾವಲ್ಲ." ನನಗೆ ಉತ್ತರ ಹೊಳೆಯಲಿಲ್ಲ.

ಅಲ್ಲಿಗೆ ಹೋದ ಎರಡನೇ ತಿಂಗಳು ತರಗತಿಯ ಪರದೆಯ ಮೇಲೆ ಒಂದು ದೇವಸ್ಥಾನದ ಚಿತ್ರ ಬಂತು. ನೋಡಿದರೆ ನಮ್ಮ ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿ! ಅಲ್ಲಿನ ಲಕ್ಷ್ಮೀನರಸಿಂಹ ದೇವಸ್ಥಾನವನ್ನು 1246ರಲ್ಲಿ ಹೊಯ್ಸಳರ ದಂಡನಾಯಕ ಬೊಮ್ಮಣ್ಣ ಕಟ್ಟಿಸಿದ. ಅಜ್ಜಿಯ ತವರಿಗೆ ಹೋದಾಗಲೆಲ್ಲ ಅದರ ಜಗತಿಯ ಮೇಲೆ ಕಣ್ಣಾಮುಚ್ಚಾಲೆ ಆಡಿದವಳು ನಾನು.

"ಈ ಗೋಡೆಗಳಲ್ಲಿ ಇಬ್ಬರ ಕೈ ಇದೆ. ವ್ಯತ್ಯಾಸ ಕಾಣುತ್ತದೆಯೇ?" ಎಂದು ಅಧ್ಯಾಪಕಿ ಕೇಳಿದರು. ಎಲ್ಲರೂ ನನ್ನ ಕಡೆ ತಿರುಗಿದರು. ನನಗೆ ಕಾಣಲಿಲ್ಲ. ಭಾರತವನ್ನೇ ನೋಡಿರದ ಜಪಾನಿನ ಹುಡುಗಿಯೊಬ್ಬಳು ಸರಿಯಾಗಿ ಹೇಳಿದಳು. ಅಂದು ರಾತ್ರಿ ನಾಚಿಕೆಯಿಂದ ನನಗೆ ಊಟ ಸೇರಲಿಲ್ಲ.

ಆಮೇಲೆ ಕಲಿತೆ. ಹೊಯ್ಸಳ ಶಿಲ್ಪಿಗಳಲ್ಲಿ ಹಲವರು ಮೂರ್ತಿಗಳ ಕೆಳಗೆ ತಮ್ಮ ಹೆಸರು ಕೊರೆದಿದ್ದಾರೆ. ನುಗ್ಗೇಹಳ್ಳಿಯ ದಕ್ಷಿಣದ ಗೋಡೆ ಬೈಚೋಜನದು, ಉತ್ತರದ್ದು ಮಲ್ಲಿತಮ್ಮನದು. ಇದೇ ಮಲ್ಲಿತಮ್ಮನ ಹೆಸರು ಸೋಮನಾಥಪುರದಲ್ಲೂ ಇದೆ. ಬಳಪದ ಕಲ್ಲು ನೆಲದಿಂದ ತೆಗೆದಾಗ ಮೆತ್ತಗಿದ್ದು, ಗಾಳಿಗೆ ಬರಬರುತ್ತಾ ಗಟ್ಟಿಯಾಗುತ್ತದೆ. ಅಷ್ಟು ಕುಸುರಿ ಸಾಧ್ಯವಾದದ್ದು ಅದರಿಂದಲೇ.

ರಜೆಗೆ ಬಂದಾಗ ತಾತನನ್ನು ನುಗ್ಗೇಹಳ್ಳಿಗೆ ಕರೆದುಕೊಂಡು ಹೋದೆ. ಏನೂ ಹೇಳಿಕೊಡದೆ ಅದೇ ಪ್ರಶ್ನೆ ಕೇಳಿದೆ. ತಾತ ಕೋಲೂರಿಕೊಂಡು ಎರಡು ಸುತ್ತು ಬಂದರು. ದಕ್ಷಿಣದ ಗೋಡೆಯ ಮುಂದೆ ನಿಂತು, "ಇವನು ನಿಧಾನಸ್ಥ. ಆ ಕಡೆಯೋನು ಬಲು ಚುರುಕು, ಸುಮ್ಮನೆ ಕೂರೋ ಆಸಾಮಿಯಲ್ಲ. ಇಬ್ಬರು ಹೊಡೆದ ನೇಗಿಲ ಸಾಲು ಒಂದೇ ಥರ ಇರತ್ತೇನವ್ವ?" ಅಂದರು.

"ಇದನ್ನ ಕಲಿಯಕ್ಕೆ ನಾನು ಲಂಡನ್ನಿಗೆ ಹೋಗಬೇಕಾಯ್ತಲ್ಲ ತಾತ" ಅಂದೆ.

"ನೀನು ಹೋಗದಿದ್ರೆ ನಾನೂ ಇಲ್ಲಿ ಇಷ್ಟೊತ್ತು ನಿಂತು ನೋಡ್ತಿರಲಿಲ್ಲ ಬಿಡು. ಕೈ ಮುಗಿದು, ಪ್ರಸಾದ ತಗೊಂಡು ಹೊರಟುಬಿಡ್ತಿದ್ದೆ" ಎಂದು ನಕ್ಕರು.

ಬ್ಯಾಂಕಿನ ಸಾಲ ಇನ್ನೂ ಇದೆ. ತಾತನ ಪತ್ರ ಬಿಡಿಸಿಕೊಡುವುದು ನನ್ನ ಹೊಣೆ. ಆದರೆ ಅಂದಿನಿಂದ ಅವರು ಆ ಪ್ರಶ್ನೆಯನ್ನು ಮತ್ತೆ ಕೇಳಿಲ್ಲ.

ಮಕ್ಕಳೇ, ಈ ರಜೆಯಲ್ಲಿ ನಿಮ್ಮ ತಾತ, ಅಜ್ಜಿಯ ಜೊತೆ ಹತ್ತಿರದ ಹಳೆಯ ದೇವಸ್ಥಾನಕ್ಕೆ ಹೋಗಿ. ಮೂರ್ತಿಗಳ ಪಾದದ ಬಳಿ ಅಕ್ಷರಗಳಿವೆಯೇ ಎಂದು ಹುಡುಕಿ. ಹಳೆಯ ಲಿಪಿ ಓದಲು ಬಾರದಿದ್ದರೂ ಚಿಂತೆಯಿಲ್ಲ, ಅವಸರ ಮಾಡದೆ ನೋಡಿ. ನಿಮಗೆ ಕಾಣದ್ದು ತಾತನಿಗೆ ಕಾಣಬಹುದು.