ಕಿವಿಯಿಂದ ಇಳಿದ ನೀರು

ಕೊನೆಕೊಯ್ಲು ಶುರುವಾಯ್ತು. ಎಲ್ಲರ ತೋಟದಲ್ಲೂ ಈಗ ಮರ ಹತ್ತೋರು ಇರ್ತಾರೆ. ಅದಕ್ಕೇ ಹೋದ ವರ್ಷ ನಮ್ಮಲ್ಲಿ ಆದದ್ದನ್ನ, ನಾನು ಮಾಡಿದ ತಪ್ಪೂ ಸೇರಿಸಿ, ಬರೀತಿದೀನಿ.

ನಮ್ಮ ಕೊನೆಗೌಡ ಇಳಿಯುವಾಗ ಹತ್ತು ಹನ್ನೆರಡು ಅಡಿ ಮೇಲಿಂದ ಜಾರಿದ. ಬಸಿಗಾಲುವೆ ಅಂಚಿನ ಕಲ್ಲಿಗೆ ತಲೆ ಬಡೀತು. ಅರೆಗಳಿಗೆ ಮಾತಿಲ್ಲ. ಆಮೇಲೆ ಎದ್ದು ಕೂತು, "ಏನಾಗ್ಲಿಲ್ಲ ಬಿಡಿ ಹೆಗಡೇರೆ" ಅಂದ. ತಲೆಯಲ್ಲಿ ದೊಡ್ಡ ಗಾಯವೂ ಇರಲಿಲ್ಲ. ನನಗೂ ಅಷ್ಟೇ ಬೇಕಿತ್ತು. ಚಾ ತರಿಸಿ ಕೊಟ್ಟೆ. ಎಡಗಿವಿಯಿಂದ ತೆಳ್ಳಗೆ ಕೆಂಪುನೀರು ಇಳೀತಿತ್ತು, ಕಾಲುವೆ ನೀರು ಹೊಕ್ಕಿರಬೇಕು ಅಂದ್ಕೊಂಡು ಹತ್ತಿ ತುರುಕಿದೆ.

ಅರ್ಧ ಗಂಟೆಗೆ ವಾಂತಿ. ನರ್ಸ್ ಆಗಿರೋ ನಾದಿನಿ ಅವತ್ತು ಮನೇಲಿದ್ದಳು. ಓಡಿ ಬಂದವಳೇ, "ಭಾವ, ಈ ಹತ್ತಿ ಇಟ್ಟಿದ್ದು ಯಾರು?" ಅಂತ ಕೇಳಿದಳು. ನಾನು ಮಾತಾಡಲಿಲ್ಲ.

ಮಿದುಳಿನ ಸುತ್ತ ನೀರಿರುತ್ತೆ. ತಲೆಬುರುಡೆಯ ಬುಡ ಬಿರಿದರೆ ಅದು ಕಿವಿಯಿಂದಲೋ ಮೂಗಿನಿಂದಲೋ ಸೋರುತ್ತೆ. ಅದನ್ನ ಒಳಗೇ ತಡೆದು ನಿಲ್ಲಿಸಿದ್ರೆ ಸೋಂಕು ಮಿದುಳಿನ ಪೊರೆಗೆ ಏರಬಹುದು. ಹೊರಗಡೆ ಸಡಿಲವಾಗಿ ಚೊಕ್ಕ ಬಟ್ಟೆ ಇಟ್ಟರೆ ಸಾಕು, ಮೂಗು ಸೀನಿಸಬಾರದು. ಬಿಳಿ ಬಟ್ಟೆ ಮೇಲೆ ಹನಿ ಬಿದ್ದಾಗ ನಡುವೆ ರಕ್ತ, ಸುತ್ತ ತಿಳಿ ಉಂಗುರ ಕಾಣಬಹುದು. ಆದ್ರೆ ರಕ್ತಕ್ಕೆ ಬೇರೆ ನೀರು ಸೇರಿದ್ರೂ ಹಾಗೇ ಕಾಣುತ್ತಂತೆ, ಉಂಗುರ ಹುಡುಕ್ತಾ ಕೂರಬೇಡಿ.

108ಕ್ಕೆ ಫೋನ್ ಮಾಡಿದ್ವಿ. ಅದು ಬರೋವರೆಗೆ ಕುತ್ತಿಗೆ ಅಲ್ಲಾಡದ ಹಾಗೆ ಮಲಗಿಸಿ, ವಾಂತಿ ಬಂದಾಗ ತಲೆ, ಮೈ ಎಲ್ಲ ಒಟ್ಟಿಗೇ ಮಗ್ಗುಲಿಗೆ ಹೊರಳಿಸಿದ್ವಿ. ಅದಕ್ಕೆ ಮೂರು ಜನ ಬೇಕಾಯ್ತು. ಬಾಯಿಗೆ ಏನೂ ಕೊಡೋ ಹಾಗಿಲ್ಲ, ನನ್ನ ಚಾ ಸಹ ತಪ್ಪೇ.

ಸ್ಕ್ಯಾನಿನಲ್ಲಿ ಕಿವಿ ಹತ್ತಿರದ ಮೂಳೆ ಬಿರಿದಿದ್ದು ಕಂಡಿತು. ಮರುದಿನ ಕಿವಿ ಹಿಂದೆ ನೀಲಿಗಟ್ಟಿತ್ತು. ಡಾಕ್ಟ್ರು ಅದಕ್ಕೆ 'ಬ್ಯಾಟಲ್ಸ್ ಸೈನ್' ಅಂದ್ರು. ನಾನು ಯುದ್ಧಕ್ಕೆ ಸಂಬಂಧಪಟ್ಟದ್ದು ಅಂದ್ಕೊಂಡೆ, ಬ್ಯಾಟಲ್ ಅಂತ ಇಂಗ್ಲೆಂಡಿನ ಸರ್ಜನ್ ಒಬ್ಬರ ಹೆಸರಂತೆ. ಕಣ್ಣಿಗೆ ಪೆಟ್ಟೇ ಬೀಳದೆ ಎರಡೂ ಕಣ್ಣಿನ ಸುತ್ತ ಕಪ್ಪಾದ್ರೂ ಬುರುಡೆಯ ಬುಡ ಒಡೆದಿರಬಹುದು. ಇವೆರಡೂ ಸಾಮಾನ್ಯವಾಗಿ ಕೆಲವು ಗಂಟೆ, ಕೆಲವೊಮ್ಮೆ ಒಂದೆರಡು ದಿನ ಕಳೆದ ಮೇಲೆ ಕಾಣೋದು. ಅವತ್ತು ಕಾಣಲಿಲ್ಲ ಅಂತ ಸುಮ್ಮನಿದ್ರೆ ಕೆಟ್ಟೆವು.

ಡಾಕ್ಟ್ರು ಹೇಳಿದ್ದರಲ್ಲಿ ನನಗೆ ನಿದ್ದೆ ಕೆಡಿಸಿದ್ದು ಇನ್ನೊಂದು. ಕಣತಲೆ ಮೂಳೆ ಒಡೆದು ಒಳಗಿನ ರಕ್ತನಾಳ ಹರಿದ್ರೆ, ಮನುಷ್ಯ ಎದ್ದು ಮಾತಾಡಿ, ನಕ್ಕು, ಒಂದೆರಡು ಗಂಟೆ ಬಿಟ್ಟು ಮಂಕಾಗಿ ಕುಸೀತಾನೆ. ತಲೆನೋವು ಏರುತ್ತೆ, ಒಂದು ಕಣ್ಣಿನ ಪಾಪೆ ಇನ್ನೊಂದಕ್ಕಿಂತ ಅಗಲವಾಗುತ್ತೆ. ನಮ್ಮವನಿಗೆ ಆ ರಕ್ತಸ್ರಾವ ಆಗಿರಲಿಲ್ಲ. ಆಗಿದ್ದಿದ್ರೆ, ನಾನು "ಮಲಕ್ಕೋ, ಸರಿಯಾಗುತ್ತೆ" ಅಂತ ಕಳಿಸ್ತಿದ್ದೆ.

ಸೋರೋದು ವಾರದೊಳಗೆ ತಾನಾಗೇ ನಿಂತಿತು. ಈ ವರ್ಷ ಅವ ಮರ ಹತ್ತಲ್ಲ. ಹೆಲ್ಮೆಟ್ ಹಾಕ್ಕೊಂಡು ಕೆಳಗಿಂದ ಫೈಬರ್ ದೋಟಿ ಹಿಡಿದಿದ್ದಾನೆ. ಎಡಗಡೆಯಿಂದ ಕರೆದ್ರೆ ಕೇಳಲ್ಲ, ಬಲಗಡೆಗೆ ಹೋಗಿ ಕೂಗಬೇಕು.